ಎಂಎಂ 540 ಜೀಪಿಗೆ 2.5 ಲೀಟರ್ ಇಂಜಿನ್: ಮನೆ ಅಂಗಳದಲ್ಲೇ ಮಾಡುವವರಿಗೆ

ಬೆಳಗಾವಿಯಿಂದ ವಿಜಯಪುರದವರೆಗೆ ಹಳೆ ಮಹೀಂದ್ರಾ ಜೀಪು ಇಟ್ಟುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಖಾನಾಪುರದ ಕಾಡಂಚಿನ ದಾರಿಗೂ ಮಳೆಗಾಲದ ಎರೆ ಹೊಲಕ್ಕೂ ಅದೇ ಗಾಡಿ ಬೇಕು. ಗಾಡಿಯ ಚಾಸಿಸ್ ಗಟ್ಟಿ, ಫೋರ್ ವ್ಹೀಲ್ ಗಟ್ಟಿ; ಸೋತಿರುವುದು ಇಂಜಿನ್ ಮಾತ್ರ. ಹೇಗೂ ಇಂಜಿನ್ ಇಳಿಸಬೇಕು ಅಂದಮೇಲೆ ಸ್ವಲ್ಪ ದೊಡ್ಡದನ್ನೇ ಹಾಕೋಣ ಅನ್ನುವ ವಿಚಾರ ಬರುವುದು ಸಹಜ.

ಇಂಜಿನ್ ಎತ್ತಿ ಇಳಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ಚೈನ್ ಬ್ಲಾಕ್ ಇದ್ದರೆ ಇಬ್ಬರು ಸೇರಿ ಮಾಡಬಹುದು. ಹೊಸ ಇಂಜಿನ್ನಿನ ಕ್ರ್ಯಾಂಕ್ ನಡುಗೆರೆ ಮತ್ತು ಹಳೆ ಗೇರ್‌ಬಾಕ್ಸ್ ಶಾಫ್ಟಿನ ನಡುಗೆರೆ ಕೂದಲೆಳೆಯಷ್ಟೂ ತಪ್ಪದೆ ಒಂದೇ ಸಾಲಿಗೆ ಬಂದವೇ ಇಲ್ಲವೇ ಅನ್ನುವುದರ ಮೇಲೆ ಇಡೀ ಕೆಲಸದ ಬಾಳಿಕೆ ನಿಂತಿದೆ. ಅದಕ್ಕೇ ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು (ಹಿಂದೆ ಮುಂದೆ ಎರಡೂ ಆಕ್ಸಲ್ಲಿಗೆ ಎಳೆತ ಹಂಚುವ ಪೆಟ್ಟಿಗೆ) ಇದ್ದ ಜಾಗದಲ್ಲೇ ಇರಲಿ. ಇಂಜಿನ್ನನ್ನು ಅವುಗಳ ಹತ್ತಿರ ತನ್ನಿ. ಇದನ್ನು ತಿರುವುಮುರುವು ಮಾಡಿದರೆ ಎರಡೂ ಪ್ರೊಪೆಲರ್ ಶಾಫ್ಟ್‌ಗಳ ಉದ್ದ ಬದಲಿಸಬೇಕು, ಗೇರ್ ಲಿವರ್ ತೂತು ಸರಿಸಬೇಕು, ಕ್ಲಚ್ಚಿನ ಜೋಡಣೆ ಹೊಸದಾಗಿ ಮಾಡಬೇಕು. ಖರ್ಚು ಎರಡರಷ್ಟಾಗುತ್ತದೆ.

ಎಂಎಂ 540ಯಲ್ಲಿ ಬಂದದ್ದು ಪ್ಯೂಜೋ ಮೂಲದ ಎಕ್ಸ್‌ಡಿಪಿ 4.90. ಬೋರ್ (ಸಿಲಿಂಡರಿನ ಅಗಲ) 90 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 83 ಮಿಮೀ, ಒಟ್ಟು 2112 ಸಿಸಿ. ಅದೇ ವಂಶದ ದೊಡ್ಡಣ್ಣ ಎಕ್ಸ್‌ಡಿ3ಪಿ: ಬೋರ್ 94, ಸ್ಟ್ರೋಕ್ 90, 2498 ಸಿಸಿ. ಶುರುವಿನ ಬೊಲೆರೊಗಳಲ್ಲಿ ಇದೇ ಇತ್ತು. ಸಿಸಿ ಲೆಕ್ಕದಲ್ಲಿ ಶೇ 18ರಷ್ಟು ಹೆಚ್ಚು. ಇನ್ನೊಂದು ಆಯ್ಕೆ ಮಹೀಂದ್ರಾದ ಡಿಐ, ಅಂದರೆ ಡೀಸೆಲ್ಲನ್ನು ನೇರ ಪಿಸ್ಟನ್ ಮೇಲೆ ಚಿಮ್ಮಿಸುವ ಇಂಜಿನ್. ಬೋರ್ 88.9, ಸ್ಟ್ರೋಕ್ 101.6, 2523 ಸಿಸಿ. ಸ್ಟ್ರೋಕ್ ಉದ್ದ ಇರುವುದರಿಂದ ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಚೆನ್ನಾಗಿ ಸಿಗುತ್ತದೆ, ಕೆಸರಿಗೆ ಒಳ್ಳೆಯದು. ಆದರೆ ಅದು ಬೇರೆ ವಂಶ. ಬೆಲ್ ಹೌಸಿಂಗ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚುವ ಗೂಡು), ಫೌಂಡೇಶನ್ (ಇಂಜಿನ್ ಕೂರುವ ರಬ್ಬರ್, ಬ್ರ್ಯಾಕೆಟ್), ಸೈಲೆನ್ಸರ್ ದಾರಿ ಎಲ್ಲ ಬೇರೆಯಾಗುತ್ತದೆ. ಕಂಪ್ಯೂಟರಿನಿಂದ ನಡೆಯುವ ಕಾಮನ್ ರೈಲ್ ಡೀಸೆಲ್ ಇಂಜಿನ್, ಅಂದರೆ ಸಿಆರ್‌ಡಿಇ ಹಾಕಿದರೆ ಇಸಿಯು (ಆ ಕಂಪ್ಯೂಟರ್ ಪೆಟ್ಟಿಗೆ), ವೈರಿಂಗ್, ಸೆನ್ಸರ್, ಹೈ ಪ್ರೆಶರ್ ಡೀಸೆಲ್ ಲೈನ್ ಎಲ್ಲ ಬೆನ್ನಿಗೆ ಬರುತ್ತವೆ. ಮನೆಯಲ್ಲಿ, ಕೈಯಲ್ಲಿ ಪಾನಾ ಹಿಡಿದು ಮಾಡುವವರಿಗೆ ನನ್ನ ಸಲಹೆ ಎಕ್ಸ್‌ಡಿ3ಪಿ. ಮುಂದೆ ಬರೆದದ್ದೆಲ್ಲ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು.

ಪಾನಾ ಮುಟ್ಟುವ ಮೊದಲು ಕಾಗದ ನೋಡಿ. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಪರವಾನಗಿ ಇಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸಿಸಿ ಬದಲಾದರೆ ಆರ್‌ಸಿಯ ವಿವರ ಬದಲಾದಂತೆಯೇ. ಆದ್ದರಿಂದ ಕೆಎ 22 ಇರಲಿ, 28 ಇರಲಿ, 29 ಇರಲಿ, ನಿಮ್ಮ ಆರ್‌ಟಿಒ ಕಚೇರಿಗೆ ಮೊದಲೇ ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಒಪ್ಪಿಗೆ ಸಿಗದಿದ್ದರೆ ಅದೇ ಮಾದರಿಯ ಇಂಜಿನ್ನಿಗೆ ಪರವಾನಗಿ ಕೇಳಿ, ಅಥವಾ 2.5 ಲೀಟರಿನ ಗಾಡಿಯನ್ನು ನಿಮ್ಮ ಹೊಲ-ಜಮೀನಿನ ಒಳಗಷ್ಟೇ ಓಡಿಸಿ. "ಆಮೇಲೆ ನೋಡಿದರಾಯಿತು" ಅಂದರೆ ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣದ ದಿನ ಇನ್‌ಸ್ಪೆಕ್ಟರ್ ಇಂಜಿನ್ ನಂಬರ್ ಒರೆಸಿ ನೋಡುತ್ತಾರೆ, ಅಲ್ಲಿಗೇ ನಿಲ್ಲುತ್ತದೆ. ಅಪಘಾತವಾದರೆ ವಿಮೆ ಕಂಪನಿಯೂ ಅದನ್ನೇ ಹಿಡಿಯುತ್ತದೆ.

ಇಂಜಿನ್ ಮಾರುವವರಿಂದ ಬಿಲ್ಲು, ಅದು ಬಂದ ಗಾಡಿಯ ಆರ್‌ಸಿ ಪ್ರತಿ ಅಥವಾ ಗುಜರಿಗೆ ಹೋದ ದಾಖಲೆ ತೆಗೆದುಕೊಳ್ಳಿ. ಬ್ಲಾಕಿನ ಮೇಲಿನ ನಂಬರ್ ಉಜ್ಜಿದ್ದು ಕಂಡರೆ ಎಷ್ಟೇ ಅಗ್ಗ ಇದ್ದರೂ ಬೇಡ.

ಗುಜರಿ ಇಂಜಿನ್ ನೋಡುವ ಕ್ರಮಕ್ಕೆ ಬರೋಣ. ಕೊಲ್ಲಾಪುರದಿಂದ ತಂದದ್ದಾಗಲಿ ಊರಲ್ಲೇ ಸಿಕ್ಕಿದ್ದಾಗಲಿ, ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಿ. ಮೊದಲೇ ಬಿಸಿ ಮಾಡಿಟ್ಟ ಇಂಜಿನ್ ಎಲ್ಲ ದೋಷ ಮುಚ್ಚಿಡುತ್ತದೆ. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ತೂತಿನ ಮೇಲೆ ತಲೆಕೆಳಗಾಗಿ ಇಡಿ. ಸ್ವಲ್ಪ ನಡುಗಿದರೆ ಸರಿ, ಹಾರಿ ಬಿದ್ದರೆ ಬ್ಯಾಕ್ ಕಂಪ್ರೆಶನ್ (ರಿಂಗು ದಾಟಿ ಕೆಳಗೆ ನುಗ್ಗುವ ಗಾಳಿಯ ಒತ್ತಡ) ಜೋರಾಗಿದೆ, ರಿಂಗು-ಲೈನರ್ ಖರ್ಚು ಬಂತು ಅಂತಲೇ ಲೆಕ್ಕ. ಹೀಟರ್ ಪ್ಲಗ್ ತೂತಿನಿಂದ ಡೀಸೆಲ್ ಕಂಪ್ರೆಶನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ನೋಡಿ. ಪೆಟ್ರೋಲ್ ಗೇಜ್ ಹಾಕಬೇಡಿ, ಒಡೆಯುತ್ತದೆ. ಒಂದಕ್ಕೂ ಇನ್ನೊಂದಕ್ಕೂ 3 ಬಾರ್‌ಗಿಂತ ಹೆಚ್ಚು ಅಂತರ ಇದ್ದರೆ ಹೆಡ್ ಬಿಚ್ಚಿಸಿ ನೋಡದೆ ದುಡ್ಡು ಕೊಡಬೇಡಿ.

ಹೆಡ್ ವಿಷಯದಲ್ಲಿ ಇನ್ನೊಂದು ಮಾತು. ಈ ವಂಶದ ಇಂಜಿನ್ನುಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ, ಹೆಡ್ಡಿನೊಳಗಿನ ಸಣ್ಣ ಕೋಣೆಯಲ್ಲಿ ಹೊತ್ತಿಕೊಂಡು ಹೊರಗೆ ಬರುತ್ತದೆ. ಹಾಗಾಗಿ ಡಿಐ ಇಂಜಿನ್ನಿಗಿಂತ ಹೆಚ್ಚು ಶಾಖ ನೀರಿಗೆ ಹೋಗುತ್ತದೆ. ಒಮ್ಮೆ ನೀರು ಬತ್ತಿ ಕಾದ ಇಂಜಿನ್ನಿನ ಹೆಡ್ಡಿನಲ್ಲಿ ವಾಲ್ವ್ ಸೀಟು ಮತ್ತು ಆ ಕೋಣೆಯ ನಡುವೆ ಬಿರುಕು ಬಿಡುವುದು ಸಾಮಾನ್ಯ. ಬರಿಗಣ್ಣಿಗೆ ಕಾಣದಿದ್ದರೆ ಬಿರುಕಿಗೆ ಇಳಿಯುವ ಕೆಂಪು ಬಣ್ಣದ ಸ್ಪ್ರೇ ಸಿಗುತ್ತದೆ, ಅದನ್ನು ಹೊಡೆದು ಒರೆಸಿ ಬಿಳಿ ಡೆವಲಪರ್ ಹಾಕಿದರೆ ಗೆರೆ ಎದ್ದು ಕಾಣುತ್ತದೆ. ಹೆಡ್ ಮೇಲೆ ಉಕ್ಕಿನ ಪಟ್ಟಿ ನಿಲ್ಲಿಸಿ ಕೆಳಗೆ 0.10 ಮಿಮೀ ಫಿಲ್ಲರ್ ಗೇಜಿನ ತೆಳು ಪಟ್ಟಿ ತೂರಿದರೆ ಫೇಸಿಂಗ್, ಅಂದರೆ ಯಂತ್ರದಲ್ಲಿ ಮುಖ ಸಮ ಮಾಡಿಸುವುದು ಬೇಕು ಅಂತ ಅರ್ಥ.

ಇಂಜಿನ್ ಮನೆಗೆ ಬಂದಮೇಲೆ ಹೊರಗಿರುವಾಗಲೇ ಬದಲಿಸಬೇಕಾದವು: ಹಿಂದಿನ ಮತ್ತು ಮುಂದಿನ ಆಯಿಲ್ ಸೀಲು, ಬ್ಲಾಕಿನ ವೆಲ್ಷ್ ಪ್ಲಗ್ಗುಗಳು, ವಾಟರ್ ಪಂಪ್, ಥರ್ಮೋಸ್ಟಾಟ್, ಎಲ್ಲ ಹೋಸ್ ಪೈಪು, ಪೈಲಟ್ ಬೇರಿಂಗ್, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಫೌಂಡೇಶನ್ ರಬ್ಬರ್. ಹಿಂದಿನ ಸೀಲು ಅಗ್ಗದ ಸಾಮಾನು. ಅದೊಂದನ್ನು ಉಳಿಸಲು ಹೋಗಿ ಮತ್ತೆ ಇಡೀ ಇಂಜಿನ್ ಇಳಿಸುವ ಪಾಳಿ ಬರಬಾರದು. ನೊಜಲ್ ಮತ್ತು ಡೀಸೆಲ್ ಪಂಪನ್ನು ಕ್ಯಾಲಿಬ್ರೇಶನ್ ಅಂಗಡಿಗೆ ಕೊಡಿ, ಇದು ಮನೆ ಕೆಲಸ ಅಲ್ಲ.

ಹಳೆಯದನ್ನು ಇಳಿಸುವಾಗ ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ. ನೀರು, ಆಯಿಲ್ ಇಳಿಸಿ. ಬಿಚ್ಚಿದ ಪ್ರತಿ ವೈರಿಗೂ ಚೀಟಿ ಕಟ್ಟಿ, ಬಿಚ್ಚುವ ಮೊದಲು ಫೋಟೋ ಹೊಡೆದುಕೊಳ್ಳಿ. ಡೀಸೆಲ್ ಪೈಪುಗಳ ಬಾಯಿ ಮುಚ್ಚಿ, ಒಂದು ಕಾಳು ಮರಳು ಪಂಪಿನೊಳಗೆ ಹೋದರೂ ಸಾಕು ಕೆಡಲು. ಜೀಪಿನಲ್ಲಿ ಒಂದು ಅನುಕೂಲ ಇದೆ: ಬಾನೆಟ್, ರೇಡಿಯೇಟರ್, ಮುಂದಿನ ಗ್ರಿಲ್ ಬೋಲ್ಟ್ ಬಿಚ್ಚಿದರೆ ಪೂರ್ತಿ ಹೊರಗೆ ಬರುತ್ತವೆ, ಇಂಜಿನ್ನನ್ನು ಮೇಲೆತ್ತಿ ಮುಂದಕ್ಕೆ ಎಳೆದರೆ ಸಾಕು. ಭಾರ 200 ಕಿಲೋದ ಆಸುಪಾಸು. ಒಂದು ಟನ್ನಿನ ಚೈನ್ ಬ್ಲಾಕ್, ಅದನ್ನು ಹೊರುವ ಕಬ್ಬಿಣದ ತ್ರಿಕಾಲು ಅಥವಾ ಗರ್ಡರ್ ಬೇಕು. ಹಳೆ ಮನೆಯ ತೊಲೆಗೆ ಕಟ್ಟಬೇಡಿ. ಗೇರ್‌ಬಾಕ್ಸ್ ಕೆಳಗೆ ಜಾಕು ಮತ್ತು ಮರದ ತುಂಡು ಕೊಟ್ಟು, ಇಂಜಿನ್ ಬಿಟ್ಟಮೇಲೂ ಅದು ಇದ್ದ ಎತ್ತರದಲ್ಲೇ ನಿಲ್ಲುವಂತೆ ನೋಡಿ. ನೆಲದಿಂದ ಗೇರ್‌ಬಾಕ್ಸಿನ ಮೂತಿಯವರೆಗಿನ ಅಳತೆ ಗೋಡೆ ಮೇಲೆ ಬರೆದಿಡಿ.

ಈಗ ನಡುಗೆರೆಯ ಕೆಲಸ. ಒಂದೇ ವಂಶದ ಇಂಜಿನ್ ಅಂತ ಯಾರೇ ಹೇಳಿದರೂ ಬೆಲ್ ಹೌಸಿಂಗ್ ತೆಗೆದುಕೊಂಡು ಹೋಗಿ, ಹೊಸ ಇಂಜಿನ್ನಿನ ಹಿಂಬದಿಗೆ ಇಟ್ಟು ನೋಡಿ. ಎಲ್ಲ ಬೋಲ್ಟು ಕೈಯಿಂದಲೇ ತಿರುಗಿ ಕೂಡಬೇಕು, ಎರಡು ಡೌವೆಲ್ ಪಿನ್ನುಗಳು ಬಿಗಿಯಾಗಿ ಕೂಡಬೇಕು. ಬೋಲ್ಟಿನ ಕೆಲಸ ಹಿಡಿದಿಡುವುದಷ್ಟೆ. ಜಾಗ ತೋರಿಸುವುದು ಡೌವೆಲ್. ಡೌವೆಲ್ ಇಲ್ಲದೆ ಬರೀ ಬೋಲ್ಟಿನ ಮೇಲೆ ಕೂರಿಸಿದ ಹೌಸಿಂಗ್ ತೂತಿನ ಸಡಿಲದಷ್ಟು ಯಾವ ಕಡೆಗಾದರೂ ಸರಿಯುತ್ತದೆ.

ಹೊಂದಿತು ಅಂದಮೇಲೂ ಅಳೆಯಬೇಕು. ಇಂಜಿನ್ ನೆಲದ ಮೇಲಿರುವಾಗಲೇ ಬೆಲ್ ಹೌಸಿಂಗನ್ನು ಕ್ಲಚ್ ಇಲ್ಲದೆ ಬರೀ ಫ್ಲೈವ್ಹೀಲ್ ಜೊತೆ ಕಟ್ಟಿ. ಡಯಲ್ ಗೇಜಿನ ಮ್ಯಾಗ್ನೆಟ್ ಸ್ಟ್ಯಾಂಡನ್ನು ಫ್ಲೈವ್ಹೀಲ್ ಮೇಲೆ ಕೂರಿಸಿ. ಗೇಜಿನ ಕಡ್ಡಿಯ ತುದಿ ಹೌಸಿಂಗಿನ ಹಿಂದಿನ ದುಂಡು ತೂತಿನ ಒಳಗೋಡೆಗೆ ತಾಗಲಿ. ಗೇರ್‌ಬಾಕ್ಸ್ ಮೂತಿ ಬಂದು ಕೂಡುವ ತೂತು ಅದೇ. ಆ ಗೋಡೆಯಲ್ಲಿ ತುಕ್ಕು, ಪೇಂಟು ಇರಬಾರದು; ಮೊದಲೇ ಸಣ್ಣ ಎಮರಿ ಪೇಪರಿನಿಂದ ಉಜ್ಜಿ. ಗೇಜ್ ಸೊನ್ನೆಗೆ ತಂದು ಕ್ರ್ಯಾಂಕನ್ನು ಪಾನಾದಿಂದ ನಿಧಾನ ಒಂದು ಸುತ್ತು ತಿರುಗಿಸಿ, ಕಾಲು ಸುತ್ತಿಗೊಮ್ಮೆ ನಿಲ್ಲಿಸಿ ಓದಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಓದಿನ ಅಂತರ 0.25 ಮಿಮೀ ಒಳಗಿರಬೇಕು. ನಡುಗೆರೆ ನಿಜವಾಗಿ ತಪ್ಪಿರುವುದು ಇದರ ಅರ್ಧದಷ್ಟು. ಅಂದರೆ 0.44 ಓದಿದರೆ ತಪ್ಪು 0.22. ಆಮೇಲೆ ಕಡ್ಡಿಯನ್ನು ಹೌಸಿಂಗಿನ ಹಿಂದಿನ ಚಪ್ಪಟೆ ಮುಖಕ್ಕೆ ತಾಗಿಸಿ ಮತ್ತೊಂದು ಸುತ್ತು. ಅಲ್ಲೂ ಅದೇ ಮಿತಿ. ಈ ಎರಡನೇ ಓದಿನ ವೇಳೆ ಕ್ರ್ಯಾಂಕ್ ಹಿಂದೆ ಮುಂದೆ ಆಡದಂತೆ ಒಂದೇ ಕಡೆಗೆ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಕ್ರ್ಯಾಂಕಿನ ಆಟವೇ ಓದಿನಲ್ಲಿ ಸೇರಿಕೊಳ್ಳುತ್ತದೆ.

ಮಿತಿ ಮೀರಿದರೆ ಗಾಬರಿ ಬೇಡ. ಡೌವೆಲ್ ಸುತ್ತ ಎದ್ದ ಬರ್, ಮುಖದ ಮೇಲಿನ ಹಳೆ ಪೇಂಟು ಮೊದಲು ತೆಗೆಯಿರಿ. ಬಹಳಷ್ಟು ಸಲ ಅಷ್ಟರಲ್ಲೇ ಸರಿಯಾಗುತ್ತದೆ. ಆಗದಿದ್ದರೆ ಲೇತಿನಲ್ಲಿ ಅರ್ಧ ಭಾಗ ಸರಿದ ಡೌವೆಲ್ ಮಾಡಿಸಬೇಕು. ಬೆಳಗಾವಿಯ ಉದ್ಯಮಬಾಗದಂಥ ಕಾರ್ಖಾನೆಗಳ ಜಾಗದಲ್ಲಿ ಇದು ದೊಡ್ಡ ಕೆಲಸವೇ ಅಲ್ಲ, 0.2 ಮಿಮೀ ಆಫ್‌ಸೆಟ್ ಅಂತ ಅಳತೆ ಬರೆದು, ಹಳೆ ಡೌವೆಲ್ ಜೊತೆಗೆ ಕೊಡಿ. ಇಷ್ಟೆಲ್ಲ ಯಾಕೆ ಅಂದರೆ, ಗೇರ್‌ಬಾಕ್ಸ್ ಶಾಫ್ಟಿನ ತುದಿ ಕ್ರ್ಯಾಂಕಿನೊಳಗಿನ ಪೈಲಟ್ ಬೇರಿಂಗಿನಲ್ಲಿ ಕೂತಿರುತ್ತದೆ, ಬುಡ ಗೇರ್‌ಬಾಕ್ಸಿನ ಬೇರಿಂಗಿನಲ್ಲಿ. ಎರಡರ ಗೆರೆ ಬೇರೆಯಾದರೆ ಪ್ರತಿ ಸುತ್ತಿಗೂ ಶಾಫ್ಟ್ ಬಾಗಿ ಬಾಗಿ ತಿರುಗಬೇಕು. ಮೊದಲು ಪೈಲಟ್ ಬೇರಿಂಗ್ ಕಿರುಚುತ್ತದೆ, ಆಮೇಲೆ ಟಾಪ್ ಗೇರ್ ತಾನಾಗಿ ಬಿಡುತ್ತದೆ, ಕೊನೆಗೆ ಕ್ಲಚ್ ಪ್ಲೇಟಿನ ನಡುವಿನ ಹಬ್ ಕಿತ್ತು ಬರುತ್ತದೆ. ಆಗ ಎಲ್ಲರೂ ಬೈಯುವುದು ಕ್ಲಚ್ ಪ್ಲೇಟ್ ಕಂಪನಿಯನ್ನು.

ಕ್ಲಚ್ ಪ್ಲೇಟ್ ಕೊಳ್ಳುವಾಗ ಹೊರ ಅಳತೆ ಹೊಸ ಫ್ಲೈವ್ಹೀಲಿಗೆ, ಒಳಗಿನ ಹಲ್ಲು ಹಳೆ ಗೇರ್‌ಬಾಕ್ಸ್ ಶಾಫ್ಟಿಗೆ ಹೊಂದಬೇಕು. ಹಲ್ಲು ಎಣಿಸಿ, ಶಾಫ್ಟಿನ ಮೇಲೆ ಜಾರಿಸಿಯೇ ಕೊಳ್ಳಿ. ಇಂಜಿನ್ ಇಳಿಸಿ ಜೋಡಿಸುವಾಗ ಕೊನೆಯ ಒಂದು ಸೆಂಟಿಮೀಟರಿನಲ್ಲಿ ಸಿಕ್ಕಿಕೊಂಡರೆ ಹಲ್ಲು ಹೊಂದಿಲ್ಲ ಅಂತ. ಟಾಪ್ ಗೇರ್ ಹಾಕಿ ಹಿಂದಿನ ಫ್ಲ್ಯಾಂಜ್ ತುಸು ತಿರುಗಿಸಿ, ಹಗುರವಾಗಿ ತಳ್ಳಿ. ಬೋಲ್ಟ್ ಬಿಗಿದು ಎಳೆಯಬೇಡಿ. ಕ್ಲಚ್ ಪ್ಲೇಟ್ ಬಾಗುತ್ತದೆ, ಇಲ್ಲವೇ ಹೌಸಿಂಗಿನ ಕಿವಿ ಮುರಿಯುತ್ತದೆ.

ಇಂಜಿನ್ ಗೇರ್‌ಬಾಕ್ಸಿಗೆ ಕೂಡಿತು, ಇನ್ನೂ ಚೈನಿನಲ್ಲೇ ತೂಗುತ್ತಿದೆ. ಈಗ ಫೌಂಡೇಶನ್. ಮೊದಲು ಕೆಳಗೆ ನೋಡಿ: ಶುರುವಿನ ಬೊಲೆರೊದ ಇಂಜಿನ್ ಆಗಿದ್ದರೆ ಅದರ ಆಯಿಲ್ ಚೇಂಬರಿನ ಆಕಾರ ಜೀಪಿನ ಮುಂದಿನ ಆಕ್ಸಲ್ ಹೌಸಿಂಗಿಗೆ ತಾಗಬಹುದು. ಮುಂದಿನ ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಪಟ್ಟಾ ಪೂರ್ತಿ ಒತ್ತಿ, ರಬ್ಬರ್ ಸ್ಟಾಪ್ ತಾಗುವವರೆಗೂ ಎತ್ತಿ ನೋಡಿ. ಆ ಸ್ಥಿತಿಯಲ್ಲೂ ಚೇಂಬರಿಗೂ ಆಕ್ಸಲ್ ಹೌಸಿಂಗಿಗೂ 40 ಮಿಮೀ ಅಂತರ ಬೇಕು. ಸಮತಟ್ಟು ನೆಲದ ಮೇಲೆ ನಿಂತ ಗಾಡಿಯಲ್ಲಿ ಅಳೆದವರಿಗೆ ಮೊದಲ ಹಳ್ಳದಲ್ಲೇ ಚೇಂಬರ್ ಒಡೆಯುತ್ತದೆ. ಫ್ಯಾನಿಗೂ ರೇಡಿಯೇಟರಿಗೂ 20ರಿಂದ 25 ಮಿಮೀ ಬಿಡಿ. ಸ್ಟಿಯರಿಂಗ್ ರಾಡನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ.

ಬ್ರ್ಯಾಕೆಟ್‌ಗೆ 6 ಮಿಮೀ ಪ್ಲೇಟು, 12 ಮಿಮೀಯ 8.8 ಗ್ರೇಡ್ ಬೋಲ್ಟು, ಬಿಗಿತ ಸುಮಾರು 80 ನ್ಯೂಟನ್ ಮೀಟರ್. ಮೊದಲು ಟ್ಯಾಕ್ ಅಷ್ಟೇ ಹೊಡೆಯಿರಿ, ಚೈನ್ ಸಡಿಲಿಸಿ ಇಂಜಿನ್ನಿನ ಭಾರ ರಬ್ಬರಿನ ಮೇಲೆ ಬಿಡಿ, ಗೋಡೆ ಮೇಲೆ ಬರೆದ ಅಳತೆ ಮತ್ತೆ ನೋಡಿ, ಆಮೇಲೆ ಪೂರ್ತಿ ವೆಲ್ಡಿಂಗ್. ಚಾಸಿಸ್‌ನ ಮೇಲಂಚು-ಕೆಳಂಚುಗಳಿಗೆ ಅಡ್ಡಲಾಗಿ ವೆಲ್ಡ್ ಎಳೆಯಬೇಡಿ, ಬಿರುಕು ಶುರುವಾಗುವುದೇ ಅಲ್ಲಿಂದ. ಪಕ್ಕದ ಗೋಡೆಗೆ ಪ್ಲೇಟ್ ಕೂರಿಸಿ ಉದ್ದಕ್ಕೆ ಹೊಡೆಯಿರಿ. ವೆಲ್ಡ್ ಮಾಡುವಾಗ ಬ್ಯಾಟರಿ, ಆಲ್ಟರ್ನೇಟರ್ ಎರಡರ ವೈರೂ ಬಿಚ್ಚಿರಲಿ.

ನಮ್ಮ ಭಾಗದ ಬಿಸಿಲಿಗೆ ಕೂಲಿಂಗ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಪ್ರಿಲ್-ಮೇನಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ 40 ಡಿಗ್ರಿ ದಾಟುತ್ತದೆ. ಹಳೆ ಮೂರು ಸಾಲಿನ ರೇಡಿಯೇಟರ್ ಕೋರ್ ಇದ್ದರೆ ನಾಲ್ಕು ಸಾಲಿನದು ಹಾಕಿಸಿ, ಫ್ಯಾನ್ ಸುತ್ತ ಶ್ರೌಡ್ (ಗಾಳಿ ಪಕ್ಕಕ್ಕೆ ಹೋಗದಂತೆ ಕಟ್ಟುವ ಗೂಡು) ಖಂಡಿತ ಇರಲಿ. ಶ್ರೌಡ್ ಇಲ್ಲದ ಫ್ಯಾನ್ ಕೋರಿನ ನಡುವಿನಿಂದಷ್ಟೇ ಗಾಳಿ ಎಳೆಯುತ್ತದೆ, ಮೂಲೆಗಳು ವ್ಯರ್ಥ. ಗಾಡಿ ಬಿಸಿಯಾದರೆ ಥರ್ಮೋಸ್ಟಾಟ್ ಕಿತ್ತು ಎಸೆಯುವ ರೂಢಿ ನಮ್ಮಲ್ಲಿದೆ, ಅದು ತಪ್ಪು. ಬೈಪಾಸ್ ಇರುವ ಇಂಜಿನ್ನಿನಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿ ಮುಚ್ಚಿಕೊಳ್ಳುತ್ತದೆ. ಅದನ್ನೇ ಕಿತ್ತರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆ ಹೋಗದೆ ಇಂಜಿನ್ನಿನೊಳಗೇ ಸುತ್ತುತ್ತದೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಈ ಭಾಗದ ಗಡಸು ನೀರು ಬ್ಲಾಕಿನೊಳಗೆ ಸುಣ್ಣ ಕಟ್ಟುತ್ತದೆ, ಅದು ಕಟ್ಟಿದ ಜಾಗದಲ್ಲಿ ಶಾಖ ಹೊರಗೆ ಬರುವುದಿಲ್ಲ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಸಮಸಮ ಹಾಕಿ.

ಡೀಸೆಲ್ ಲೈನಿನಲ್ಲಿ ಏರ್ ತೆಗೆಯಲು ಮೊದಲು ಫಿಲ್ಟರಿನ ಬ್ಲೀಡ್ ಸ್ಕ್ರೂ, ಆಮೇಲೆ ಪಂಪ್, ಕೊನೆಗೆ ನೊಜಲ್ ನಟ್ಟು. ಮತ್ತೆ ಮತ್ತೆ ಏರ್ ಹಿಡಿಯುತ್ತಿದ್ದರೆ ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ನೋಡಿ. ಅಲ್ಲಿ ಗುಳ್ಳೆ ಕಂಡರೆ ಸೋರಿಕೆ ಫಿಲ್ಟರ್ ಅಥವಾ ಟ್ಯಾಂಕಿನ ಕಡೆ, ಕಾಣದಿದ್ದರೆ ಪಂಪಿನ ಕಡೆ.

ಬ್ರೇಕ್ ಬೂಸ್ಟರ್ ಇದ್ದರೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರನ್ನೇ ಇಂಜಿನ್ ಜೊತೆ ತನ್ನಿ. ಡೀಸೆಲ್ ಇಂಜಿನ್ನಿನ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಕೊಡುವುದಿಲ್ಲ. ಆ ಪಂಪಿನಿಂದ ಆಯಿಲ್ ಹಿಂದಿರುಗುವ ಪೈಪು ಎಲ್ಲೂ ಮೇಲೇರದೆ ಇಳಿಜಾರಾಗಿಯೇ ಚೇಂಬರಿಗೆ ಹೋಗಬೇಕು.

ವೈರಿಂಗ್‌ನಲ್ಲಿ ಮರೆಯುವುದು ಒಂದೇ: ಇಂಜಿನ್ನಿನಿಂದ ಚಾಸಿಸ್‌ಗೆ ಹೋಗುವ ದಪ್ಪ ಅರ್ಥಿಂಗ್ ಪಟ್ಟಿ. ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ಪಟ್ಟಿ ಇಲ್ಲದಿದ್ದರೆ ಸೆಲ್ಫ್ ಹೊಡೆದಾಗ ಕರೆಂಟು ಆಕ್ಸಿಲರೇಟರ್ ಕೇಬಲಿನ ಮೂಲಕ ದಾರಿ ಹುಡುಕುತ್ತದೆ, ಕೇಬಲ್ ಕೆಂಪಗೆ ಕಾದು ಒಳಗಿನ ಪ್ಲಾಸ್ಟಿಕ್ ಕರಗಿ ಹಿಡಿದುಕೊಳ್ಳುತ್ತದೆ. ಹೀಟರ್ ಪ್ಲಗ್ಗುಗಳಿಗೆ ರಿಲೇ ಮತ್ತು ಪ್ರತ್ಯೇಕ ಫ್ಯೂಜ್ ಬೇಕು, ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ನೇರ ಕೊಡಬೇಡಿ. ಟೆಂಪರೇಚರ್ ಮತ್ತು ಆಯಿಲ್ ಪ್ರೆಶರ್ ಸೆನ್ಸರ್ ನಿಮ್ಮ ಮೀಟರಿಗೆ ಹೊಂದುವ ಹಳೆಯವೇ ಇರಲಿ, ಇಲ್ಲದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ.

ಚಾಲೂ ಮಾಡುವ ಮುಂಚೆ ಪಾನಾದಿಂದ ಎರಡು ಪೂರ್ತಿ ಸುತ್ತು ಕೈಯಲ್ಲೇ ತಿರುಗಿಸಿ. ಎಲ್ಲೂ ತಡೆಯಬಾರದು. ಡೀಸೆಲ್ ಬಂದ್ ಮಾಡುವ ಸೊಲೆನಾಯ್ಡ್ ವೈರ್ ಬಿಚ್ಚಿ, ಹತ್ತು ಹತ್ತು ಸೆಕೆಂಡು ಸೆಲ್ಫ್ ಹೊಡೆದು ಆಯಿಲ್ ಪ್ರೆಶರ್ ಬರುವವರೆಗೆ ನೋಡಿ. ಆಮೇಲೆ ವೈರ್ ಹಾಕಿ ಚಾಲೂ. ಏರ್ ಫಿಲ್ಟರ್ ಪೈಪಿನ ಪಕ್ಕದಲ್ಲಿ ಒಬ್ಬರು ಒಂದು ಮರದ ಹಲಗೆ ಹಿಡಿದು ನಿಂತಿರಲಿ. ಡೀಸೆಲ್ ಇಂಜಿನ್ ಆಯಿಲ್ ಎಳೆದುಕೊಂಡು ತಾನಾಗಿ ರೇಸ್ ಆದರೆ ಕೀ ತೆಗೆದರೂ ನಿಲ್ಲುವುದಿಲ್ಲ, ಗಾಳಿ ಮುಚ್ಚಿದರೆ ಮಾತ್ರ ನಿಲ್ಲುತ್ತದೆ. ಕೈಯಿಂದ, ಬಟ್ಟೆಯಿಂದ ಮುಚ್ಚಲು ಹೋಗಬೇಡಿ.

ಮೊದಲ ಸಾವಿರ ಕಿಲೋಮೀಟರ್ ಹೇರು ಹೇರಬೇಡಿ. ಆಯಿಲ್ ಬದಲಿಸಿ, ಫೌಂಡೇಶನ್ ಮತ್ತು ಬೆಲ್ ಹೌಸಿಂಗ್ ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ಹೊಗೆ ಪರೀಕ್ಷೆಯಲ್ಲಿ ಈ ಜೀಪಿನಂಥ ಹಳೆ ಕಾಲದ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್‌ರಿಜ್ ಯೂನಿಟ್ (ಹೊಗೆಯ ದಟ್ಟತೆಯ ಅಳತೆ). ಕಪ್ಪು ಹೊಗೆ ಬಂದರೆ ಪಂಪಿನ ಡೀಸೆಲ್ ಪ್ರಮಾಣ ಹೆಚ್ಚಾಗಿದೆ, ಇಲ್ಲವೇ ಏರ್ ಫಿಲ್ಟರಿನಲ್ಲಿ ಎರೆ ಮಣ್ಣಿನ ಧೂಳು ಕಟ್ಟಿದೆ. ಕೂಲಿಂಗ್ ನಿಜವಾಗಿ ಸರಿಯಾಗಿದೆಯೇ ಅಂತ ತಿಳಿಯಬೇಕಾದರೆ ಚೋರ್ಲಾ ಘಾಟನ್ನು ಗೋವಾ ಕಡೆಯಿಂದ ಮಧ್ಯಾಹ್ನದ ಬಿಸಿಲಲ್ಲಿ ಏರಿಸಿ ನೋಡಿ. ಊರೊಳಗೆ ಸರಿಯಿದ್ದ ಮುಳ್ಳು ಅಲ್ಲಿ ಮೇಲೇರುತ್ತಿದ್ದರೆ ಶ್ರೌಡ್, ಕೋರ್ ಮತ್ತೆ ನೋಡಬೇಕು.

ದೊಡ್ಡ ಇಂಜಿನ್ ಹಾಕಿದ ಮಾತ್ರಕ್ಕೆ ಹೈವೇ ವೇಗ ಹೆಚ್ಚುವುದಿಲ್ಲ, ಅದು ಆಕ್ಸಲ್ಲಿನೊಳಗಿನ ಕ್ರೌನ್-ಪಿನಿಯನ್ ಗೇರ್ ಜೋಡಿಯ ಮೇಲೆ ನಿಂತದ್ದು. ಹಲ್ಲು 43:8 ಇದ್ದು ಟೈರ್ 6.00-16 ಆದರೆ, ಟಾಪ್ ಗೇರಿನಲ್ಲಿ 3000 ಆರ್‌ಪಿಎಂಗೆ ಗಂಟೆಗೆ ಸುಮಾರು 75 ಕಿಲೋಮೀಟರ್. 39:8 ಹಾಕಿದರೆ ಅದೇ ಆರ್‌ಪಿಎಂಗೆ 83ರ ಹತ್ತಿರ. 2.5 ಲೀಟರಿನ ಎಳೆತಕ್ಕೆ 39:8 ಚೆನ್ನಾಗಿ ಹೊಂದುತ್ತದೆ. ಬದಲಿಸುವುದಾದರೆ ಹಿಂದೆ ಮುಂದೆ ಎರಡೂ ಕಡೆ ಒಟ್ಟಿಗೇ ಬದಲಿಸಿ. ಹಿಂದಿನದೊಂದನ್ನೇ ಬದಲಿಸಿ ಫೋರ್ ವ್ಹೀಲ್ ಹಾಕಿದರೆ ಎರಡು ಆಕ್ಸಲ್ಲುಗಳು ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸಿನ ಹಲ್ಲು ಮುರಿಯುತ್ತದೆ.